ದಂತಪೂರಣವೂ ಮಧೂಚ್ಛಿಷ್ಟವಿಧಾನವೂ: ಕಾಗಿಣಾತೀರದ ಶಾಸ್ತ್ರಪರಂಪರೆಯಲ್ಲಿ ಒಂದು ವಿಚಾರ

ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮೇಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕ್ರಿ.ಶ. 11ನೆಯ ಶತಮಾನದಲ್ಲಿ ವೇದಶಾಸ್ತ್ರಗಳ ಘಟಿಕಾಸ್ಥಾನವಿದ್ದಿತೆಂದೂ, ಅಲ್ಲಿಯ ಪುಸ್ತಕಸಂಗ್ರಹವನ್ನು ನೋಡಿಕೊಳ್ಳಲು 6 ಮಂದಿ ಸರಸ್ವತೀಭಂಡಾರಿಗರು ನೇಮಕಗೊಂಡಿದ್ದರೆಂದೂ ಶಾಸನವು ಹೇಳುತ್ತದೆ. ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನ ಹೆಸರಿನೊಡನೆ ಶಹಾಬಾದಿಗೆ ಸಮೀಪದ ಮರತೂರು ಬೆಸೆದುಕೊಂಡಿದೆ. ಚಿಂಚೋಳಿಯ ವಾಯವ್ಯಕ್ಕೆ ಚಾಲುಕ್ಯರ ಕಲ್ಯಾಣವಿದೆ. ಈ ಸೀಮೆಯ ಕಾವ್ಯ, ವ್ಯಾಕರಣ, ಧರ್ಮಶಾಸ್ತ್ರಗಳ ವಿಷಯದಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ವೈದ್ಯ ಮತ್ತು ಶಿಲ್ಪಗಳ ವಿಷಯದಲ್ಲಿ ಅಷ್ಟಾಗಿ ನಡೆದಿಲ್ಲ. ಹಾಗೆ ನಡೆದಿಲ್ಲವಾದುದರಿಂದಲೇ, ಇಂದಿನ ದಂತವೈದ್ಯರು ಹುಳುಕುಹಲ್ಲಿನಲ್ಲಿ ಎರಕದ ಬಂಗಾರವನ್ನು ಕೂರಿಸುವ ವಿದ್ಯೆಯು ನಮ್ಮ ಪ್ರಾಚೀನರಿಗೆ ತಿಳಿದೇ ಇತ್ತೆಂದು ಸಭೆಗಳಲ್ಲಿ ಹೇಳುವುದೂ, ಅದಕ್ಕೆ ಎದುರಾಗಿ ಪ್ರಾಚೀನರಿಗೆ ಹಲ್ಲನ್ನು ಕೀಳುವುದೊಂದೇ ಗೊತ್ತಿತ್ತೆಂದು ಹಳಿಯುವುದೂ ಎರಡೂ ಸುಲಭವಾಗಿವೆ. ಗ್ರಂಥಗಳನ್ನು ತೆರೆದು ನೋಡಿದರೆ ಎರಡು ಮಾತುಗಳೂ ನಿಲ್ಲುವುದಿಲ್ಲ.

ಮೊದಲು ಆಧುನಿಕರ ವಿಧಾನವೇನೆಂಬುದನ್ನು ತಿಳಿಯಬೇಕು. ಕೆಟ್ಟ ಹಲ್ಲಿನ ಕೊಳೆತ ಭಾಗವನ್ನು ತೆಗೆದಮೇಲೆ ಉಳಿಯುವ ಕುಳಿಯನ್ನು ಎರಡು ರೀತಿಯಲ್ಲಿ ಮುಚ್ಚಬಹುದು. ಮೆತುವಾದ ದ್ರವ್ಯವನ್ನು ಬಾಯಲ್ಲಿಯೇ ಕುಳಿಗೆ ಒತ್ತಿ ಅಲ್ಲಿಯೇ ಗಟ್ಟಿಯಾಗುವಂತೆ ಮಾಡುವುದು ಒಂದು. ಇದು ಗಾರೆಯನ್ನು ಮೆತ್ತಿದಂತೆ. ಕುಳಿಯ ಪ್ರತಿರೂಪವನ್ನು ಬಾಯ ಹೊರಗೆ ಬಂಗಾರದಲ್ಲಿಯೋ ಪಿಂಗಾಣಿಯಲ್ಲಿಯೋ ಗಟ್ಟಿಯಾಗಿ ತಯಾರಿಸಿ, ತಂದು ಕೂರಿಸಿ, ಸಂದಿಗೆ ಅಂಟನ್ನು ಕೊಡುವುದು ಇನ್ನೊಂದು. ಶಹಾಬಾದಿನ ಕಲ್ಲುಕುಟಿಗನು ಹಾಸುಗಲ್ಲನ್ನು ಗಣಿಯ ಬಳಿಯಲ್ಲಿಯೇ ಅಳತೆಗೆ ತಕ್ಕಂತೆ ಕಡಿದು, ಮನೆಯ ನೆಲಕ್ಕೆ ತಂದು ಕೂರಿಸಿ, ಸಂದಿಗೆ ಮಾತ್ರ ಗಾರೆಯನ್ನು ತುಂಬುವ ಕ್ರಮವನ್ನು ಕಂಡವರಿಗೆ ಈ ಎರಡನೆಯದು ಬೇಗನೆ ಮನಸ್ಸಿಗೆ ಹತ್ತುತ್ತದೆ. ಹೀಗೆ ಕೂರಿಸಿದ ತುಂಡು ದವಡೆಹಲ್ಲಿನ ಶಿಖರಗಳ ನಡುವೆಯೇ ಅಡಗಿದ್ದರೆ ಅದಕ್ಕೆ ಇನ್‌ಲೇ ಎಂದೂ, ಒಂದೋ ಹೆಚ್ಚೋ ಶಿಖರಗಳನ್ನು ಮೇಲಿನಿಂದ ಹೊದಿಸಿದ್ದರೆ ಆನ್‌ಲೇ ಎಂದೂ ಹೆಸರು. ಹಲ್ಲನ್ನು ಸುತ್ತಲೂ ಮುಚ್ಚಿಬಿಟ್ಟರೆ ಅದು ಕಿರೀಟವೆನಿಸುತ್ತದೆ.

ಇನ್ನು ಗ್ರಂಥಗಳ ಕಡೆಗೆ ಬರೋಣ. ಮರತೂರಿನ ಮಾತು ಬಂದುದರಿಂದ ಮಿತಾಕ್ಷರೆಯಿಂದಲೇ ಆರಂಭಿಸುವುದು ಯುಕ್ತ. ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದ ಯತಿಪ್ರಕರಣದಲ್ಲಿ ಶರೀರದ ಅಸ್ಥಿಗಳನ್ನು 360 ಎಂದು ಎಣಿಸುವಾಗ, ಸ್ಥಾಲಗಳೊಡನೆ ಸೇರಿ ಹಲ್ಲುಗಳು 64 ಎಂದು ಹೇಳಿದೆ. ಬಾಯಲ್ಲಿ 32 ಹಲ್ಲುಗಳಷ್ಟೇ ಇರುವಾಗ 64 ಹೇಗಾಯಿತೆಂಬ ಸಂದೇಹವನ್ನು ವಿಜ್ಞಾನೇಶ್ವರನು ಒಂದೇ ಮಾತಿನಲ್ಲಿ ಪರಿಹರಿಸುತ್ತಾನೆ: ಹಲ್ಲಿನ ಬುಡದ ಪ್ರದೇಶದಲ್ಲಿರುವ ಅಸ್ಥಿಗಳೇ ಸ್ಥಾಲಗಳು, ಅವು 32, ಹಲ್ಲುಗಳು 32. ಚರಕನು ಇವನ್ನೇ ದಂತೋಲೂಖಲ, ಎಂದರೆ ಹಲ್ಲಿನ ಒರಳು, ಎಂದು ಕರೆದಿದ್ದಾನೆ. ಸುಶ್ರುತನು ಮಾತ್ರ ಅಸ್ಥಿಗಳು 360 ಎಂಬುದು ವೇದವಾದಿಗಳ ಲೆಕ್ಕ, ಶಲ್ಯತಂತ್ರದಲ್ಲಿ 300 ಎಂದು ಬೇರೆಯಾಗಿ ನಿಲ್ಲುತ್ತಾನೆ. ಕಲ್ಯಾಣದ ವಿಕ್ರಮಾದಿತ್ಯನ ಕಾಲದ ಧರ್ಮಶಾಸ್ತ್ರಿಯೊಬ್ಬನು ಹಲ್ಲಿಗೂ ಅದರ ನೆಲೆಗೂ ಇರುವ ಭೇದವನ್ನು ತಿಳಿದು ಬರೆದನೆಂಬುದು ಗಮನಾರ್ಹ. ಆದರೆ ಅವನ ಉದ್ದೇಶ ಚಿಕಿತ್ಸೆಯಲ್ಲ, ದೇಹದ ಅಸಾರತೆಯನ್ನು ತೋರಿಸಿ ಯತಿಗೆ ವೈರಾಗ್ಯವನ್ನು ಹುಟ್ಟಿಸುವುದು.

ಚಿಕಿತ್ಸೆಯ ಮಾತು ಸುಶ್ರುತನಲ್ಲಿ ವಿಸ್ತಾರವಾಗಿದೆ. ಮುಖರೋಗಗಳು ಅವನ ಲೆಕ್ಕದಲ್ಲಿ 65. ಅವುಗಳಲ್ಲಿ ದಂತಮೂಲದವು 15, ಹಲ್ಲಿನವೇ 8. ಈ ಎಂಟರಲ್ಲಿ ಕೃಮಿದಂತಕ, ದಾಲನ, ಭಂಜನಕ, ಕಪಾಲಿಕಾ, ಶ್ಯಾವದಂತಕಗಳು ಸೇರಿವೆ. ಕಪಾಲಿಕೆಯನ್ನು ವರ್ಣಿಸುವಾಗ ಸುಶ್ರುತನು ದಂತವಲ್ಕವೆಂಬ ಶಬ್ದವನ್ನು ಬಳಸಿದ್ದಾನೆ. ಮರಕ್ಕೆ ತೊಗಟೆ ಹೇಗೋ ಹಾಗೆ ಹಲ್ಲಿಗೆ ಹೊರಕವಚವೊಂದುಂಟೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಪದ ಸಿಕ್ಕುವುದು ಕಷ್ಟ. ಎನಾಮಲ್ ಎಂಬುದಕ್ಕೆ ಕನ್ನಡದಲ್ಲಿ ಹೊಸ ಶಬ್ದಗಳನ್ನು ಟಂಕಿಸುವವರು ಇದನ್ನೊಮ್ಮೆ ನೋಡಬಹುದಾಗಿತ್ತು.

ಸುಶ್ರುತನ ವಿವೇಚನೆಯಲ್ಲಿ ಮುಖ್ಯವಾದುದು ಸಾಧ್ಯಾಸಾಧ್ಯವಿಭಾಗ. ಹಲ್ಲಿನ ರೋಗಗಳಲ್ಲಿ ಶ್ಯಾವ, ದಾಲನ, ಭಂಜನ ಎಂಬ ಮೂರು ಸಾಧ್ಯವಲ್ಲವೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ. ಹಲ್ಲು ಕಪ್ಪಾಗುವುದು, ಸೀಳುವಂತೆ ನೋಯುವುದು, ಮುರಿಯುವುದು, ಇವುಗಳ ಮುಂದೆ ವೈದ್ಯನು ಕೈಚೆಲ್ಲಬೇಕು. ಭಂಜನಕದ ಲಕ್ಷಣದಲ್ಲಿ ಬಾಯಿ ಸೊಟ್ಟಗಾಗುವುದನ್ನೂ ಹೇಳಿರುವುದರಿಂದ ಅದು ಇಂದಿನ ಮುರುಕುಹಲ್ಲಿಗೆ ಸಂಪೂರ್ಣವಾಗಿ ಸಮನಾಗಲಾರದು. ಆದರೂ ಮುರಿದ ಹಲ್ಲಿಗೆ ರೂಪವನ್ನು ಮರಳಿ ಕೊಡುವ ಉಪಾಯವು ಆ ಕಾಲದ ಶಲ್ಯತಂತ್ರದಲ್ಲಿ ಇರಲಿಲ್ಲವೆಂಬುದಕ್ಕೆ ಶಾಸ್ತ್ರಕಾರನ ಈ ಮಾತೇ ಪ್ರಮಾಣ. ಬಂಗಾರದ ಎರಕವು ಪ್ರಾಚೀನರಿಗೆ ತಿಳಿದಿತ್ತೆನ್ನುವವರು ಮೊದಲು ಉತ್ತರ ಹೇಳಬೇಕಾದುದು ಸುಶ್ರುತನಿಗೆ.

ಹಾಗೆಂದು ಕೀಳುವುದೊಂದೇ ಅವರಿಗೆ ಗೊತ್ತಿತ್ತೆನ್ನುವಂತೆಯೂ ಇಲ್ಲ. ಕೃಮಿದಂತವು ಅಲುಗಾಡದೆ ಇದ್ದರೆ ಸ್ವೇದನ, ರಕ್ತವಿಸ್ರಾವಣ, ಗಂಡೂಷ, ನಸ್ಯಾದಿಗಳಿಂದ ಉಪಚರಿಸಬೇಕು. ಅಲುಗಾಡುವುದಾದರೆ ಮಾತ್ರ ಕಿತ್ತು ಆ ಸ್ಥಾನವನ್ನು ಸುಡಬೇಕು ಎಂದು ಸುಶ್ರುತನು ವಿಭಾಗಿಸುತ್ತಾನೆ. ಅಷ್ಟೇ ಅಲ್ಲದೆ ಮೇಲಿನ ಸಾಲಿನ ಹಲ್ಲು ಅಲುಗಾಡಿದರೂ ಅದನ್ನು ವೈದ್ಯನು ಕೀಳಬಾರದು, ಕಿತ್ತರೆ ರಕ್ತವು ಅತಿಯಾಗಿ ಹರಿದು ಕುರುಡುತನ, ಅರ್ದಿತ ಮೊದಲಾದ ಘೋರರೋಗಗಳು ಬರುತ್ತವೆ ಎಂಬ ನಿಷೇಧವೂ ಅಲ್ಲಿದೆ. ಮೇಲಿನ ಹಲ್ಲನ್ನು ಕೀಳಿಸಿದರೆ ಕಣ್ಣು ಹೋಗುತ್ತದೆಂದು ನಮ್ಮ ಹಳ್ಳಿಗಳಲ್ಲಿ ಹೆದರುವವರ ಹೆದರಿಕೆ ಅಕ್ಷರಜ್ಞಾನವಿಲ್ಲದವರ ಕಟ್ಟುಕತೆಯೆಂದು ನಗುವವರುಂಟು. ಆ ಮಾತು ಸಂಹಿತೆಯದೇ. ದೃಷ್ಟಿಗೂ ಮೇಲಿನ ಹಲ್ಲಿಗೂ ಅಂಥ ಸಂಬಂಧವಿಲ್ಲವೆಂದು ಇಂದಿನ ಶಾರೀರಶಾಸ್ತ್ರವು ಸಿದ್ಧಪಡಿಸಿದೆ. ರಕ್ತವನ್ನು ತಡೆಯುವ ಸಾಧನಗಳಿಲ್ಲದ ಕಾಲದಲ್ಲಿ ಅತಿಸ್ರಾವದಿಂದ ಸತ್ತವರನ್ನು ಕಂಡು ಈ ನಿಷೇಧ ಹುಟ್ಟಿರಬೇಕೆಂದು ಊಹಿಸಲು ಅವಕಾಶವಿದೆ. ಕಾರಣವು ತಪ್ಪಾದರೂ ಫಲವು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು: ಇದ್ದ ಹಲ್ಲನ್ನು ಇರುವಂತೆಯೇ ಉಳಿಸುವ ಪ್ರಯತ್ನಕ್ಕೆ ಶಾಸ್ತ್ರದಲ್ಲಿಯೇ ಎಡೆ ದೊರೆಯಿತು.

ಆ ಪ್ರಯತ್ನವು ವಾಗ್ಭಟನಲ್ಲಿ ರೂಪಗೊಂಡಿದೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಕೃಮಿದಂತದ ಉತ್ಪತ್ತಿಯನ್ನು ಹೇಳುವಾಗ, ವಾತಪ್ರಧಾನವಾದ ದೋಷಗಳು ಹಲ್ಲನ್ನು ಬುಡಸಹಿತ ಆಶ್ರಯಿಸಿ ಮಜ್ಜೆಯನ್ನು ಒಣಗಿಸಲು, ಹಲ್ಲು ಟೊಳ್ಳಾಗಿ, ಆ ಟೊಳ್ಳಿನಲ್ಲಿ ಅನ್ನದ ಮಲವು ತುಂಬಿ ಕೊಳೆತು, ಸೂಕ್ಷ್ಮಕೃಮಿಗಳು ಹುಟ್ಟುತ್ತವೆ ಎನ್ನುತ್ತಾನೆ. ಚಿಕಿತ್ಸೆಯಲ್ಲಿ, ಟೊಳ್ಳನ್ನು ಬೆಲ್ಲದಿಂದಾಗಲಿ ಮಧೂಚ್ಛಿಷ್ಟದಿಂದಾಗಲಿ ತುಂಬಿ ಸುಡಬೇಕು. ಸಪ್ತಚ್ಛದ ಮತ್ತು ಅರ್ಕಗಳ ಹಾಲಿನಿಂದ ಮಾಡುವ ಪೂರಣವು ಕೃಮಿಶೂಲೆಯನ್ನು ಗೆಲ್ಲುತ್ತದೆ ಎನ್ನುತ್ತಾನೆ. ಸಪ್ತಚ್ಛದವು ಮದ್ದಾಲೆ; ಅರ್ಕವು ಈ ಸೀಮೆಯ ಪ್ರತಿಯೊಂದು ಹೊಲದ ಬದುವಿನಲ್ಲಿಯೂ ಬೆಳೆಯುವ ಎಕ್ಕ. ಎಕ್ಕದ ಹಾಲು ದಾಹಕವಾದುದು, ಒಸಡನ್ನು ಸುಡತಕ್ಕದ್ದು, ಕಣ್ಣಿಗೆ ಬಿದ್ದರೆ ಅಪಾಯಕರ. ಆದುದರಿಂದ ಈ ಪ್ರಯೋಗವನ್ನು ಇಂದು ಯಾರೂ ಮನೆಯಲ್ಲಿ ಮಾಡತಕ್ಕದ್ದಲ್ಲ.

ಸೂಕ್ಷ್ಮಕೃಮಿ ಎಂಬ ಶಬ್ದವನ್ನು ಹಿಡಿದು, 1890ರಲ್ಲಿ ಬರ್ಲಿನ್ನಿನಲ್ಲಿದ್ದ ಮಿಲ್ಲರ್ ಎಂಬ ಪಂಡಿತನು ಬಾಯ ಸೂಕ್ಷ್ಮಜೀವಿಗಳು ಅನ್ನಶೇಷವನ್ನು ಹುಳಿಯಾಗಿಸಿ ಹಲ್ಲನ್ನು ಕರಗಿಸುತ್ತವೆಂದು ತೋರಿಸಿದುದಕ್ಕೆ ವಾಗ್ಭಟನು ಮೊದಲೇ ಸಾಕ್ಷಿಯಾದನೆಂದು ಹೇಳುವುದು ಅತಿಯಾದೀತು. ವಾಗ್ಭಟನಿಗೆ ಮೊದಲು ಟೊಳ್ಳು, ಆಮೇಲೆ ಕೃಮಿ. ಮಿಲ್ಲರನಿಗೆ ಮೊದಲು ಜೀವಿ, ಆಮೇಲೆ ಟೊಳ್ಳು. ಆದರೆ ಟೊಳ್ಳಿನಲ್ಲಿ ಕೊಳೆಯುವ ಅನ್ನವೇ ಕೇಡನ್ನು ಬೆಳೆಸುತ್ತದೆಂಬುದನ್ನೂ, ಆದುದರಿಂದ ಟೊಳ್ಳನ್ನು ತೆರೆದುಬಿಡದೆ ತುಂಬಬೇಕೆಂಬುದನ್ನೂ ವಾಗ್ಭಟನು ಕಂಡಿದ್ದನು. ಪೂರಣವೆಂಬ ಶಬ್ದವೂ ಅವನದೇ. ಇಷ್ಟು ಗೌರವವು ಅವನಿಗೆ ಸಲ್ಲತಕ್ಕದ್ದು.

ಈ ವಿದ್ಯೆಯು ಕಾಗಿಣಾತೀರಕ್ಕೆ ತಲಪಿತ್ತೆ ಎಂಬುದು ಮುಂದಿನ ಪ್ರಶ್ನೆ. ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕವು 1940ರಲ್ಲಿ ಸೋಲಾಪುರದಿಂದ ಅಚ್ಚಾಗಿ ಬೆಳಕಿಗೆ ಬಂದ ಜೈನವೈದ್ಯಗ್ರಂಥ. ಮಾಂಸಭಕ್ಷಣವು ನಿರರ್ಥಕವೆಂಬುದನ್ನು ನೃಪತುಂಗವಲ್ಲಭನ ಸಭೆಯಲ್ಲಿ ವೈದ್ಯರ ಮುಂದೆ ಪ್ರತಿಪಾದಿಸಿದ ಹಿತಾಹಿತಾಧ್ಯಾಯವು ಅದರ ಕೊನೆಗೆ ಸೇರಿದೆ. ನೃಪತುಂಗನೆಂದರೆ 814ರಿಂದ 878ರವರೆಗೆ ಆಳಿದ ಅಮೋಘವರ್ಷನೆಂದು ಗ್ರಹಿಸುವುದಾದರೆ, ಆ ವಾದವು ನಡೆದ ಆಸ್ಥಾನವು ಮಾನ್ಯಖೇಟದ್ದು. ತನಗಿಂತ ಹಿಂದಿನ ಜೈನವೈದ್ಯಾಚಾರ್ಯರನ್ನು ಸ್ಮರಿಸುವಾಗ ಉಗ್ರಾದಿತ್ಯನು ಶಲ್ಯತಂತ್ರವನ್ನು ಪಾತ್ರಸ್ವಾಮಿಯದೆಂದೂ, ಶಾಲಾಕ್ಯವನ್ನು ಪೂಜ್ಯಪಾದನದೆಂದೂ ಹೇಳುತ್ತಾನೆ. ಕೊರಳಿನಿಂದ ಮೇಲಿನ ಅಂಗಗಳ ಚಿಕಿತ್ಸೆಯೇ ಶಾಲಾಕ್ಯ. ಹಲ್ಲಿನದು ಅದರಲ್ಲಿಯೇ ಸೇರುತ್ತದೆ. ಪೂಜ್ಯಪಾದನ ಆ ಗ್ರಂಥವು ನಷ್ಟವಾಗಿದೆ. ನಷ್ಟವಾದ ಗ್ರಂಥದಲ್ಲಿ ಬಂಗಾರದ ಪೂರಣವಿದ್ದಿರಬಹುದಲ್ಲವೆ ಎನ್ನುವವರಿಗೆ, ಇಲ್ಲದ ಗ್ರಂಥದಿಂದ ಇದ್ದ ವಿದ್ಯೆಯನ್ನು ಸಾಧಿಸುವುದು ಯಾವ ಪ್ರಮಾಣಕ್ಕೂ ಒಳಪಡದೆಂದು ಹೇಳಿದರೆ ಸಾಕು. 10ನೆಯ ಶತಮಾನದಲ್ಲಿ ಮಾನ್ಯಖೇಟದಲ್ಲಿಯೇ ಕುಳಿತು ಅಪಭ್ರಂಶದಲ್ಲಿ ಮಹಾಪುರಾಣವನ್ನು ಬರೆದ ಕವಿಯ ಹೆಸರು ಪುಷ್ಪದಂತ; ಇದನ್ನೂ ದಂತವೈದ್ಯಕ್ಕೆ ಸಾಕ್ಷಿಯಾಗಿ ಎಳೆಯುವವರು ಇನ್ನೂ ಹುಟ್ಟಿಲ್ಲವೆಂಬುದು ಸಮಾಧಾನದ ಸಂಗತಿ.

ಮಧೂಚ್ಛಿಷ್ಟವನ್ನು, ಎಂದರೆ ಜೇನುಮೇಣವನ್ನು, ಇಲ್ಲಿ ಮತ್ತೊಮ್ಮೆ ನೆನೆಯಬೇಕು. ವೈದ್ಯನು ಹಲ್ಲಿನ ಟೊಳ್ಳಿಗೆ ತುಂಬಿದ ಅದೇ ದ್ರವ್ಯವನ್ನು ಶಿಲ್ಪಿಯು ಬೇರೊಂದು ಕೆಲಸಕ್ಕೆ ಉಪಯೋಗಿಸುತ್ತಿದ್ದನು. ಕಲ್ಯಾಣದ ಭೂಲೋಕಮಲ್ಲ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಲೋಹಪ್ರತಿಮೆಯನ್ನು ಎರೆಯುವ ಕ್ರಮವು ಹೀಗಿದೆ. ಮೊದಲು ಮೇಣದಲ್ಲಿ ಬಿಂಬವನ್ನು ತಿದ್ದಬೇಕು. ಅದಕ್ಕೆ ಉಮ್ಮತ್ತಿಯ ಹೂವಿನಾಕಾರದ ಬಾಯುಳ್ಳ ನಾಳಗಳನ್ನು ಜೋಡಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಲೇಪಿಸಿ ನೆರಳಿನಲ್ಲಿ ಒಣಗಿಸಬೇಕು. ಮೊದಲಿನ ಲೇಪವು ತೆಳುವಾಗಿಯೂ ಕೊನೆಯದು ದಪ್ಪವಾಗಿಯೂ ಇರಬೇಕು. ಆಮೇಲೆ ಕಾಯಿಸಿ ಮೇಣವನ್ನು ಹೊರಹರಿಸಿ, ಆ ಬರಿದಾದ ಎಡೆಗೆ ಕರಗಿದ ಲೋಹವನ್ನು ಹೊಯ್ಯಬೇಕು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು, ಬೆಳ್ಳಿಯಾದರೆ ಅದರ 12 ಮಡಿ, ಬಂಗಾರವಾದರೆ 16 ಮಡಿ ಲೋಹವನ್ನು ತೆಗೆದುಕೊಳ್ಳಬೇಕು. ಮಳಖೇಡದ ನೇಮಿನಾಥಬಸದಿಯಲ್ಲಿ 96 ಕಿರುಬಿಂಬಗಳುಳ್ಳ ಪಂಚಲೋಹದ ಚೈತ್ಯವೊಂದಿದೆ. ಅಷ್ಟು ಸಣ್ಣ ಬಿಂಬಗಳನ್ನು ಅಷ್ಟು ಒತ್ತಾಗಿ ಎರೆಯುವುದಕ್ಕೆ ಈ ಮೇಣದ ವಿಧಾನಕ್ಕಿಂತ ತಕ್ಕುದು ಬೇರೊಂದು ತೋರುವುದಿಲ್ಲ. ಹೆಬ್ಬೆರಳ ತುದಿಯಷ್ಟು ಲೋಹದಲ್ಲಿ ಜಿನನ ಮುಖವನ್ನು ಮೂಡಿಸಬಲ್ಲ ಕೈ ಈ ನಾಡಿನಲ್ಲಿತ್ತೆಂಬುದರಲ್ಲಿ ಸಂಶಯವಿಲ್ಲ.

ಈಗ ಅಮೆರಿಕೆಗೆ ಹೋಗೋಣ. 1907ನೆಯ ಇಸವಿ ಜನವರಿಯಲ್ಲಿ ವಿಲಿಯಂ ಟ್ಯಾಗರ್ಟ್ ಎಂಬ ದಂತವೈದ್ಯನು ನ್ಯೂಯಾರ್ಕಿನಲ್ಲಿ ತನ್ನ ಹೊಸ ವಿಧಾನವನ್ನು ವೈದ್ಯರ ಮುಂದೆ ವಿವರಿಸಿದನು. ಹಲ್ಲಿನ ಕುಳಿಗೆ ಮೆತ್ತಗಿನ ಮೇಣವನ್ನು ಒತ್ತಿ ತಿದ್ದಿ ಹೊರತೆಗೆಯುವುದು. ಅದಕ್ಕೆ ನಾಳವನ್ನು ಜೋಡಿಸಿ ಸುತ್ತಲೂ ಲೇಪದಿಂದ ಹುದುಗಿಸುವುದು. ಕಾಯಿಸಿ ಮೇಣವನ್ನು ಕಳೆಯುವುದು. ಆ ಎಡೆಗೆ ಕರಗಿದ ಬಂಗಾರವನ್ನು ಒತ್ತಡದಿಂದ ನುಗ್ಗಿಸುವುದು. ಇದಕ್ಕೆ ಹತ್ತು ವರ್ಷ ಮೊದಲು, 1897ರಲ್ಲಿ, ಅಯೋವಾ ಪ್ರಾಂತದ ಫಿಲ್‌ಬ್ರೂಕ್ ಎಂಬಾತನು ಇದೇ ಮಾರ್ಗವನ್ನು ಹೇಳಿದ್ದನು, ಯಾರೂ ಕಿವಿಗೊಟ್ಟಿರಲಿಲ್ಲ. ಟ್ಯಾಗರ್ಟನು ತನ್ನ ಹಕ್ಕಿಗಾಗಿ ವ್ಯಾಜ್ಯ ಹೂಡಿದಾಗ ಈ ಹಳೆಯ ಲೇಖನವೇ ಅವನಿಗೆ ಅಡ್ಡವಾಯಿತು. ಸೋಮೇಶ್ವರನ ಗ್ರಂಥವನ್ನು ಆ ನ್ಯಾಯಸ್ಥಾನದಲ್ಲಿ ಯಾರೂ ಹಾಜರುಪಡಿಸಲಿಲ್ಲ! ಎರಕದ ಕ್ರಮವಂತೂ ಅಕ್ಷರಶಃ ಒಂದೇ. ತೂಕದ ಲೆಕ್ಕವೂ ಒಂದೇ: ಮೇಣದ ತೂಕವನ್ನು ಲೋಹದ ಸಾಂದ್ರತೆಯಿಂದ ಗುಣಿಸಿದರೆ ಬೇಕಾದ ಲೋಹ ಸಿಕ್ಕುತ್ತದೆಂಬುದು ದಂತಶಿಲ್ಪಿಗಳ ಸೂತ್ರ. ಅಪ್ಪಟ ಬಂಗಾರವು ಮೇಣಕ್ಕಿಂತ ಸುಮಾರು 20 ಪಟ್ಟು ಭಾರ. ತಾಮ್ರ, ಬೆಳ್ಳಿ ಮೊದಲಾದುವನ್ನು ಬೆರೆಸಿ ಗಟ್ಟಿಮಾಡಿದ ದಂತಸ್ವರ್ಣವು ಸುಮಾರು 16 ಪಟ್ಟು. ಸೋಮೇಶ್ವರನ 16 ಇದಕ್ಕೆ ಹೊಂದುವುದು ಕುತೂಹಲಕರವೇ ಹೊರತು, ಅದರಿಂದ ಅವನ ಅಕ್ಕಸಾಲೆಯು ಹಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ಸಿದ್ಧವಾಗುವುದಿಲ್ಲ.

ಹೀಗಿರಲು, ಟೊಳ್ಳನ್ನು ಮೇಣದಿಂದ ತುಂಬಬೇಕೆಂದು ಬಲ್ಲ ವೈದ್ಯನೂ, ಮೇಣದ ಎಡೆಗೆ ಬಂಗಾರವನ್ನು ಇಳಿಸಬಲ್ಲ ಶಿಲ್ಪಿಯೂ ಒಂದೇ ನಾಡಿನಲ್ಲಿದ್ದರೂ ಇಬ್ಬರೂ ಏಕೆ ಸಂಧಿಸಲಿಲ್ಲ? ಜಾತಿಗಳು ಬೇರೆಯಾದುದರಿಂದ ಎಂಬ ಉತ್ತರವು ಬೇಗನೆ ನಾಲಗೆಗೆ ಬರುತ್ತದೆ. ಅದರಲ್ಲಿ ಸತ್ಯಾಂಶವೂ ಇದ್ದೀತು. ಆದರೆ ಒಂದೇ ಅರಸನು ಒಂದೇ ಗ್ರಂಥದಲ್ಲಿ ಆನೆ, ಕುದುರೆ, ರತ್ನ, ಪಾಕ, ಚಿತ್ರ, ಸಂಗೀತ, ಎರಕಗಳನ್ನೆಲ್ಲ ಪೋಣಿಸಬಲ್ಲವನಾಗಿದ್ದಾಗ ಆ ಉತ್ತರವೊಂದೇ ಸಾಲದು. ಮುಖ್ಯ ಕಾರಣವು ಪೂರಣದ ಉದ್ದೇಶದಲ್ಲಿದೆ. ವಾಗ್ಭಟನ ಪೂರಣವು ಔಷಧ: ಕೃಮಿಯನ್ನು ಕೊಲ್ಲುವುದಕ್ಕೆ, ಶೂಲೆಯನ್ನು ಶಮನಗೊಳಿಸುವುದಕ್ಕೆ. ಮೇಣವು ಅಲ್ಲಿ ಬೆಂಕಿಯ ವಾಹನ. ಹಲ್ಲಿನ ಕಳೆದುಹೋದ ಆಕಾರವನ್ನು ಮರಳಿ ಕಟ್ಟಿ ಅದರಿಂದ ಅಗಿಯಬೇಕೆಂಬ ಬಯಕೆ ಆ ವಿಧಾನದಲ್ಲಿ ಇಲ್ಲ. ಶಿಲ್ಪಿಗಾದರೋ ಆಕಾರವೇ ಸರ್ವಸ್ವ.

ಸಾಧನಗಳ ಕೊರತೆಯೂ ಸಾಮಾನ್ಯವಾದುದಲ್ಲ. ಕುಳಿಯೊಳಗಿಂದ ಮೇಣವು ಮುರಿಯದೆ ಹೊರಬರಬೇಕಾದರೆ ಕುಳಿಯ ಗೋಡೆಗಳು ಬಾಯ ಕಡೆಗೆ ಸ್ವಲ್ಪ ಅಗಲವಾಗುತ್ತ ನುಣ್ಣಗಿರಬೇಕು. ಶರೀರದಲ್ಲೆಲ್ಲ ಗಟ್ಟಿಯಾದ ದಂತವಲ್ಕವನ್ನು ಹಾಗೆ ಕಡೆಯಲು ವೇಗವಾಗಿ ತಿರುಗುವ ಬೈರಿಗೆ ಬೇಕು. ಕಾಲಿನಿಂದ ತುಳಿಯುವ ಅಂಥ ಯಂತ್ರವನ್ನು ಮಾರಿಸನ್ ಎಂಬವನು ಅಮೆರಿಕೆಯಲ್ಲಿ ತಂದುದೇ 1871ರಲ್ಲಿ. ಕರಗಿದ ಬಂಗಾರವು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ದೇವರ ಬಿಂಬವು ಅಷ್ಟು ಕುಗ್ಗಿದರೆ ಪೂಜೆಗೆ ಲೋಪವಿಲ್ಲ. ಹಲ್ಲಿನ ತುಂಬು ಅಷ್ಟು ಕುಗ್ಗಿದರೆ ಸಂದಿಯಲ್ಲಿ ಅನ್ನವು ಸೇರಿ ಹಲ್ಲು ಪುನಃ ಕೊಳೆಯುತ್ತದೆ. ಟ್ಯಾಗರ್ಟನ ತರುವಾಯದವರು ಕಾಯಿಸಿದಾಗ ಹಿಗ್ಗುವ ಲೇಪಗಳನ್ನು ಕಂಡುಹಿಡಿದು ಈ ಕುಗ್ಗುವಿಕೆಯನ್ನು ಸರಿದೂಗಿಸಬೇಕಾಯಿತು. ಬಾಯ ತೇವಕ್ಕೆ ಕರಗದ ಅಂಟು ಇನ್ನೊಂದು. ಸತುವಿನ ಭಸ್ಮದಿಂದ ಮಾಡಿದ ದಂತಸಿಮೆಂಟುಗಳು 19ನೆಯ ಶತಮಾನದ ಉತ್ತರಾರ್ಧದವು.

ಇಂದಿನ ವೈದ್ಯನ ಮುಂದಿರುವ ಆಯ್ಕೆಯೂ ಒಂದು ಬಗೆಯ ಸಾಧ್ಯಾಸಾಧ್ಯವಿವೇಚನೆಯೇ. ಕುಳಿಯು ಸಣ್ಣದಾದರೆ ಬಾಯಲ್ಲಿಯೇ ಮೆತ್ತುವ ತುಂಬು ಸಾಕು. ಅಲ್ಲಿ ಇನ್‌ಲೇಗಾಗಿ ಒಳ್ಳೆಯ ಹಲ್ಲನ್ನು ಕಡೆದು ತೆಗೆಯುವುದು ನಷ್ಟ. ಕುಳಿಯು ದೊಡ್ಡದಾಗಿದ್ದು ಸುತ್ತಲಿನ ಗೋಡೆಗಳು ದಪ್ಪವಾಗಿ ನಿಂತಿದ್ದರೆ ಇನ್‌ಲೇ ಯೋಗ್ಯ. ಗೋಡೆಗಳು ತೆಳುವಾಗಿದ್ದಾಗ ಮಾತ್ರ ಅದು ಕೆಲಸವನ್ನು ಕೆಡಿಸುತ್ತದೆ: ಎರಡು ಶಿಖರಗಳ ನಡುವೆ ಸಿಕ್ಕಿದ ಗಟ್ಟಿ ತುಂಡು ಅಗಿಯುವ ಒತ್ತಡಕ್ಕೆ ಬೆಣೆಯಂತಾಗಿ ಹಲ್ಲನ್ನೇ ಸೀಳಬಹುದು. ಸೇಡಂ ಚಿಂಚೋಳಿಗಳ ಖಡಕ್ ರೊಟ್ಟಿಯನ್ನು ಅಗಿಯುವ ದವಡೆಗೆ ಈ ಒತ್ತಡವು ಕಡಿಮೆಯದಲ್ಲ. ಆಗ ಶಿಖರವನ್ನು ತಗ್ಗಿಸಿ ಮೇಲಿನಿಂದ ಹೊದಿಸುವ ಆನ್‌ಲೇ ಬೇಕು. ಒಳಗಿನ ನರವನ್ನು ತೆಗೆದು ಶುದ್ಧಮಾಡಿದ ದವಡೆಹಲ್ಲಿಗೂ ಸಾಮಾನ್ಯವಾಗಿ ಈ ಹೊದಿಕೆಯೇ ಕ್ಷೇಮ. ಸುತ್ತಲೂ ಗೋಡೆಗಳು ಹೋಗಿದ್ದರೆ ಕಿರೀಟ. ಬುಡದವರೆಗೆ ಸೀಳಿದ್ದರೆ ಇಂದಿಗೂ ಅದು ಅಸಾಧ್ಯವೇ. ಹೊಸ ಹುಳುಕು ಪದೇ ಪದೇ ಹುಟ್ಟುವ ಬಾಯಲ್ಲಿ, ಮೊದಲು ಆ ರೋಗವನ್ನು ತಡೆಯದೆ ಬೆಲೆಬಾಳುವ ತುಂಬನ್ನು ಕೂರಿಸುವುದು ವ್ಯರ್ಥ. ಬಂಗಾರವು ಎದುರುಹಲ್ಲನ್ನು ಸವೆಸದೆ ದೀರ್ಘಕಾಲ ಬಾಳುತ್ತದೆ. ಪಿಂಗಾಣಿಯು ಹಲ್ಲಿನ ಬಣ್ಣಕ್ಕೆ ಹೊಂದುತ್ತದೆ. ಎರಡರಲ್ಲಿ ಯಾವುದೆಂಬುದನ್ನು ಹಲವರು ಕನ್ನಡಿಯನ್ನು ನೋಡಿಯೇ ನಿರ್ಧರಿಸುತ್ತಾರೆ. ಹಿಂಬದಿಯ ದವಡೆಹಲ್ಲಿನ ವಿಷಯದಲ್ಲಾದರೂ ಅದು ಯುಕ್ತವಲ್ಲ. ಭಂಜನವನ್ನು ಅಸಾಧ್ಯಗಳ ಸಾಲಿಗೆ ಸೇರಿಸಿದ ಸುಶ್ರುತನ ತೀರ್ಪು ಶಿಖರ ಮುರಿದ ಹಲ್ಲಿನ ಮಟ್ಟಿಗೆ ಹೀಗೆ ತಿದ್ದಲ್ಪಟ್ಟಿದೆ.

ಅಂಟಿನ ವಿಷಯದಲ್ಲಿ ವಾಡಿ ಶಹಾಬಾದಗಳಿಗೆ ಸಂಬಂಧಿಸಿದ ಒಂದು ಮಾತುಂಟು. ಈ ಊರುಗಳಿಗೆ ಸುಣ್ಣಕಲ್ಲಿನಿಂದಲೂ ಅದರಿಂದ ಆಗುವ ಸಿಮೆಂಟಿನಿಂದಲೂ ಹೆಸರು. ಮನೆ ಕಟ್ಟುವ ಆ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಜಾತಿಯದೇ ಆದ, ಶುದ್ಧಗೊಳಿಸಿದ ಒಂದು ದ್ರವ್ಯವನ್ನು ಹಲ್ಲಿನ ಬೇರಿನ ರಂಧ್ರವನ್ನು ಮುಚ್ಚಲು 1993ರಿಂದ ಈಚೆಗೆ ಅಮೆರಿಕೆಯ ಮಹಮೂದ್ ತೊರಾಬಿನೆಜಾದ್ ಮೊದಲಾದವರು ಬಳಕೆಗೆ ತಂದಿದ್ದಾರೆ. ಅದು ತೇವದಲ್ಲಿಯೇ ಗಟ್ಟಿಯಾಗತಕ್ಕದ್ದು. ಬಾಯಂಥ ಎಡೆಗೆ ಇದಕ್ಕಿಂತ ಬೇಕಾದ ಗುಣ ಯಾವುದು?

ಮೇಣದ ಎರಕಕ್ಕೂ ಈಗ ಪ್ರತಿಸ್ಪರ್ಧಿ ಹುಟ್ಟಿದೆ. 1985ರಲ್ಲಿ ಜ್ಯೂರಿಕ್ ನಗರದಲ್ಲಿ ಮ್ಯೋರ್ಮನ್ ಮತ್ತು ಬ್ರಾಂಡೆಸ್ಟಿನಿ ಎಂಬವರು ಹಲ್ಲಿನ ಕುಳಿಯನ್ನು ಬೆಳಕಿನ ಯಂತ್ರದಿಂದ ಅಳೆದು, ಆ ಅಳತೆಗೆ ಸರಿಯಾಗಿ ಪಿಂಗಾಣಿಯ ಇಟ್ಟಿಗೆಯಿಂದ ತುಂಬನ್ನು ಕಡೆದು, ರೋಗಿಯು ಎದ್ದುಹೋಗುವ ಮೊದಲೇ ಕೂರಿಸಿದರು. ಇದರಲ್ಲಿ ಮೇಣವೂ ಇಲ್ಲ, ಮೂಸೆಯೂ ಇಲ್ಲ. ಅಕ್ಕಸಾಲೆಯ ಕೈಯಲ್ಲಿದ್ದ ಕೆಲಸವು ಕಲ್ಲುಕುಟಿಗನ ಕೈಗೆ ಬಂದಿದೆ.